ಮನೆ ಸಾಲ ತೀರಿದ ಮೇಲೆ ಋಣಮುಕ್ತಿ ಪತ್ರ ಮಾಡಿಸುವುದು ಹೇಗೆ? ಹಾಸನ, ಚಿಕ್ಕಮಗಳೂರಿನವರಿಗೆ ಹಂತ ಹಂತದ ಮಾಹಿತಿ

‘ಕಂತು ಎಲ್ಲ ಕಟ್ಟಿ ಮುಗಿಸಿದ್ದೇವೆ, ಬ್ಯಾಂಕಿನವರು ಎನ್‌ಒಸಿ ಕೊಟ್ಟಿದ್ದಾರೆ, ಆದರೂ ಇಸಿಯಲ್ಲಿ ಸಾಲ ತೋರಿಸುತ್ತಿದೆ. ಏನು ಮಾಡಬೇಕು?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬಹಳ ಜನಕ್ಕೆ ಇದು ಗೊತ್ತಾಗುವುದೇ ಮನೆ ಮಾರಲು ಹೊರಟಾಗ, ಇಲ್ಲವೇ ಮಕ್ಕಳ ಓದಿಗೆಂದು ಅದೇ ಮನೆಯ ಮೇಲೆ ಇನ್ನೊಂದು ಸಾಲ ಕೇಳಿದಾಗ. ಅಷ್ಟರಲ್ಲಿ ಸಾಲ ಕೊಟ್ಟ ಶಾಖೆ ಇನ್ನೊಂದರಲ್ಲಿ ವಿಲೀನವಾಗಿರುತ್ತದೆ, ಕಡತ ಎಲ್ಲಿದೆ ಎಂದು ಹೇಳುವವರೂ ಇರುವುದಿಲ್ಲ.

ಲೆಕ್ಕ ಸರಳ. ಸಾಲ ಎಲ್ಲೆಲ್ಲಿ ದಾಖಲಾಗಿದೆಯೋ ಅಲ್ಲೆಲ್ಲ ಅದು ತೀರಿದ್ದೂ ದಾಖಲಾಗಬೇಕು. ಬ್ಯಾಂಕಿನ ಲೆಡ್ಜರಿನಲ್ಲಿ ತೀರಿದ ಮಾತ್ರಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಪುಸ್ತಕದಲ್ಲಿ ತೀರುವುದಿಲ್ಲ.

ಮುಂದೆ ಹೋಗುವ ಮೊದಲು ನಾಲ್ಕು ಮಾತು ಬಿಡಿಸಿಕೊಳ್ಳೋಣ. ಎನ್‌ಒಸಿ ಅಥವಾ ನೋ ಡ್ಯೂ ಸರ್ಟಿಫಿಕೇಟ್ ಎಂದರೆ ‘ಈ ಖಾತೆಯಲ್ಲಿ ಬಾಕಿ ಇಲ್ಲ’ ಎಂದು ಬ್ಯಾಂಕು ತನ್ನ ಲೆಟರ್‌ಹೆಡ್‌ನಲ್ಲಿ ಕೊಡುವ ಪತ್ರ. ಎಂಒಡಿ ಎಂದರೆ ನೀವು ಮನೆಯ ಮೂಲ ಪತ್ರಗಳನ್ನು ಸಾಲಕ್ಕೆ ಆಧಾರವಾಗಿ ಬ್ಯಾಂಕಿನಲ್ಲಿ ಇಟ್ಟಿದ್ದೀರಿ ಎಂಬ ಜ್ಞಾಪನ ಪತ್ರ. ಇಸಿ ಎಂದರೆ ಋಣಭಾರ ಪ್ರಮಾಣಪತ್ರ, ಆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ಋಣಮುಕ್ತಿ ಪತ್ರ ಎಂದರೆ ‘ಅಡಮಾನ ಇಲ್ಲಿಗೆ ಖುಲಾಸೆ’ ಎಂದು ಬ್ಯಾಂಕು ನಿಮ್ಮ ಹೆಸರಿಗೆ ಬರೆದುಕೊಟ್ಟು ನೋಂದಣಿ ಮಾಡಿಸುವ ದಸ್ತಾವೇಜು. ಬ್ಯಾಂಕಿನವರು ಇದನ್ನೇ ಡಿಸ್ಚಾರ್ಜ್ ಡೀಡ್, ರಿಲೀಸ್ ಡೀಡ್, ರೀಕನ್ವೇಯನ್ಸ್ ಡೀಡ್ ಎಂದೆಲ್ಲ ಕರೆಯುತ್ತಾರೆ. ಪತ್ರ ಬರೆಯುವವರ ಬಾಯಲ್ಲಿ ಇದು ಖುಲಾಸೆ ಪತ್ರ.

1. ಮೊದಲು ಇಸಿ ತೆಗೆಯಿರಿ

ಕೊನೆಯ ಕಂತು ಕಟ್ಟುವುದಕ್ಕೂ ಮೊದಲೇ ಈ ಕೆಲಸ ಮಾಡಿ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ನಿಮ್ಮ ಮೊಬೈಲ್ ನಂಬರಿನಿಂದ ಲಾಗಿನ್ ಆಗಿ, ಜಿಲ್ಲೆ, ಗ್ರಾಮ ಅಥವಾ ವಾರ್ಡು, ಸ್ವತ್ತಿನ ನಂಬರು ಕೊಟ್ಟು ಇಸಿಗೆ ಅರ್ಜಿ ಹಾಕಬಹುದು. 2004ರ ಏಪ್ರಿಲ್ 1ರಿಂದ ಈಚಿನದು ಆನ್‌ಲೈನಿನಲ್ಲಿ ಸಿಗುತ್ತದೆ. ಅದಕ್ಕಿಂತ ಹಿಂದಿನದು ಬೇಕಾದರೆ ಆಯಾ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲೇ ಕೇಳಬೇಕು. ಸಾಲ ತೆಗೆದ ವರ್ಷಕ್ಕಿಂತ ಒಂದೆರಡು ವರ್ಷ ಹಿಂದಿನಿಂದ ಇವತ್ತಿನವರೆಗೆ ಅವಧಿ ಹಾಕಿ.

ಬರುವ ಕಾಗದ ನಮೂನೆ 15 ಆಗಿದ್ದರೆ ಅದರಲ್ಲಿ ವ್ಯವಹಾರಗಳ ಪಟ್ಟಿ ಇರುತ್ತದೆ. ನಮೂನೆ 16 ಬಂದರೆ ಆ ಅವಧಿಯಲ್ಲಿ ಏನೂ ನೋಂದಣಿಯಾಗಿಲ್ಲ ಎಂದರ್ಥ. ನಮೂನೆ 15ರಲ್ಲಿ ಬ್ಯಾಂಕಿನ ಹೆಸರಿರುವ ಸಾಲನ್ನು ಹುಡುಕಿ. ಅದು ಇದೆಯೋ ಇಲ್ಲವೋ, ಇದ್ದರೆ ಯಾವ ಬಗೆಯ ಪತ್ರ ಎನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ.

ಬ್ಯಾಂಕಿನ ಹೆಸರೇ ಇಲ್ಲದಿದ್ದರೆ, ನೀವು ಮೂಲ ಪತ್ರಗಳನ್ನು ಇಟ್ಟು ಸಾಲ ತಂದಿದ್ದೀರಿ, ಆದರೆ ಎಂಒಡಿ ನೋಂದಣಿಯಾಗಿಲ್ಲ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ ಕಲಂ 58ರ ಪ್ರಕಾರ ಪತ್ರಗಳನ್ನು ಠೇವಣಿ ಇಟ್ಟು ಸಾಲ ಪಡೆದರೂ ಅದು ಅಡಮಾನವೇ, ನೋಂದಣಿಯಾಗಿರಲೇಬೇಕೆಂದಿಲ್ಲ. ಇಂಥವರಿಗೆ ಖುಲಾಸೆ ಪತ್ರದ ನೋಂದಣಿ ಬೇಕಿಲ್ಲ. ಎನ್‌ಒಸಿ, ಮೂಲ ಪತ್ರಗಳು, ಸೆರ್ಸಾಯಿ (ಅಡಮಾನಗಳನ್ನು ದಾಖಲಿಸುವ ಕೇಂದ್ರದ ರಿಜಿಸ್ಟ್ರಿ) ತೆರವು, ಇಷ್ಟಾದರೆ ಕೆಲಸ ಮುಗಿಯಿತು. 6 ಮತ್ತು 7ನೇ ಹಂತ ಬಿಟ್ಟು ಓದಿ.

ಎಂಒಡಿ ಅಥವಾ ಹಕ್ಕುಪತ್ರಗಳ ಠೇವಣಿ ಎಂದು ನಮೂದಾಗಿದ್ದರೆ, ಇಲ್ಲವೇ ಸಾದಾ ಅಡಮಾನ ಪತ್ರ, ಆಧಾರ ಪತ್ರ ಎಂದಿದ್ದರೆ, ಖುಲಾಸೆ ಪತ್ರವೂ ನೋಂದಣಿಯಾಗಬೇಕು. ಬ್ಯಾಂಕಿನ ಸಾದಾ ಪತ್ರ ಇಲ್ಲಿ ಸಾಲದು ಏಕೆಂದರೆ, 1908ರ ನೋಂದಣಿ ಕಾಯ್ದೆಯ ಕಲಂ 17 ಹಣ ಸಂದ ಬಗ್ಗೆ ಕೊಡುವ ಬರೀ ರಸೀತಿಗೆ ನೋಂದಣಿಯಿಂದ ವಿನಾಯಿತಿ ಕೊಡುತ್ತದೆ, ಅಡಮಾನವನ್ನೇ ಕೊನೆಗಾಣಿಸುವ ಪತ್ರಕ್ಕೆ ಆ ವಿನಾಯಿತಿ ಇಲ್ಲ. ನೋಂದಣಿಯಾಗದ್ದು ಇಸಿಗೆ ಬರುವುದೂ ಇಲ್ಲ.

ಇಲ್ಲಿ ಒಂದು ಹಳ್ಳ ಇದೆ, ತುಂಬಾ ಜನ ಬೀಳುತ್ತಾರೆ. ನಡುವೆ ಬಡ್ಡಿ ಕಡಿಮೆ ಎಂದು ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ವರ್ಗಾಯಿಸಿದ್ದರೆ, ಇಸಿಯಲ್ಲಿ ಎರಡು ಅಡಮಾನ ಇರಬಹುದು. ಹಳೆ ಬ್ಯಾಂಕಿಗೆ ಹಣ ಸಂದಿದೆ, ಪತ್ರಗಳು ಹೊಸ ಬ್ಯಾಂಕಿಗೆ ಹೋಗಿವೆ, ಆದರೆ ಹಳೆಯ ಎಂಒಡಿಯ ಖುಲಾಸೆಯನ್ನು ಯಾರೂ ಮಾಡಿಸಿರುವುದಿಲ್ಲ. ಆಗ ಎರಡೂ ಬ್ಯಾಂಕಿನಿಂದ ಬೇರೆ ಬೇರೆ ಖುಲಾಸೆ ಪತ್ರ ಬೇಕು. ಮನೆ ಕಟ್ಟಿದ ಮೇಲೆ ಟಾಪ್‌ಅಪ್ ಸಾಲ ತೆಗೆದಿದ್ದರೆ ಅದಕ್ಕೂ ಪ್ರತ್ಯೇಕ ಪತ್ರ ನೋಂದಣಿಯಾಗಿದೆಯೇ ನೋಡಿ. ಆಗಿದ್ದರೆ ಒಂದೇ ಖುಲಾಸೆ ಪತ್ರದಲ್ಲಿ ಎರಡೂ ನಂಬರು ಸೇರಿಸಬೇಕು.

ಮನೆ ಪಹಣಿ ಇರುವ ಜಮೀನಿನಲ್ಲಿದ್ದರೆ, ಅಥವಾ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಹಲವರು ಮಾಡುವಂತೆ ಕಾಫಿ ತೋಟವನ್ನೂ ಮನೆ ಸಾಲಕ್ಕೆ ಆಧಾರವಾಗಿ ಕೊಟ್ಟಿದ್ದರೆ, ಪಹಣಿಯ 11ನೇ ಕಾಲಂ ಕೂಡ ನೋಡಬೇಕು. ಹಕ್ಕು ಮತ್ತು ಋಣಗಳು ಬರೆಯುವ ಜಾಗ ಅದು. ಇಸಿಯಲ್ಲಿ ಇಲ್ಲದ ಸಾಲ ಅಲ್ಲಿ ಇರುವುದುಂಟು.

2. ಕೊನೆಯ ಲೆಕ್ಕವನ್ನು ತಾರೀಖಿನ ಸಮೇತ ಬರೆಸಿಕೊಳ್ಳಿ

ಅವಧಿಗೆ ಮೊದಲೇ ತೀರಿಸುವುದಾದರೆ ಬ್ಯಾಂಕಿನಿಂದ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಕೇಳಿ. ಇಂಥ ದಿನದಂದು ಕಟ್ಟಿದರೆ ಇಷ್ಟಕ್ಕೆ ಸಾಲ ಚುಕ್ತಾ ಎಂದು ಅದರಲ್ಲಿ ಇರುತ್ತದೆ. ಆ ದಿನ ದಾಟಿದರೆ ದಿನದ ಬಡ್ಡಿ ಸೇರುತ್ತದೆ. 1,84,000 ರೂ. ಅಸಲು ಉಳಿದಿದ್ದು ಬಡ್ಡಿ ಶೇ. 8.5 ಇದ್ದರೆ ದಿನಕ್ಕೆ ಸುಮಾರು 43 ರೂ. 10ನೇ ತಾರೀಖಿನ ಲೆಕ್ಕ ಹಿಡಿದು 13ರಂದು ಕಟ್ಟಿದರೆ 129 ರೂ. ಉಳಿಯುತ್ತದೆ. ಮೊತ್ತ ಚಿಕ್ಕದು, ಆದರೆ ಕಂಪ್ಯೂಟರಿನಲ್ಲಿ ಖಾತೆ ಕ್ಲೋಸ್ ಆಗುವುದಿಲ್ಲ. ಖಾತೆ ಕ್ಲೋಸ್ ಆಗದೆ ಎನ್‌ಒಸಿ ಇಲ್ಲ, ಆ ಚಿಲ್ಲರೆ ಬಾಕಿ ಕೆಲವು ತಿಂಗಳಲ್ಲಿ ಸುಸ್ತಿಯಾಗಿ, ಸಾಲಗಾರರ ಪಾವತಿ ದಾಖಲೆ ಇಡುವ ಸಿಬಿಲ್‌ಗೂ ಹೋಗುತ್ತದೆ.

ಬದಲಾಗುವ ಬಡ್ಡಿದರದ ಮನೆ ಸಾಲವನ್ನು ವ್ಯಕ್ತಿಗಳು ಮೊದಲೇ ತೀರಿಸಿದರೆ ದಂಡಶುಲ್ಕ ಹಾಕುವಂತಿಲ್ಲ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಈ ನಿಯಮ 2012ರಿಂದಲೇ ಇದೆ. ಸ್ಟೇಟ್‌ಮೆಂಟಿನಲ್ಲಿ ‘ಪ್ರೀಕ್ಲೋಷರ್ ಚಾರ್ಜಸ್’ ಎಂದು ಮೊತ್ತ ಕಂಡರೆ, ಯಾವ ನಿಯಮದಡಿ ಎಂದು ಬರಹದಲ್ಲಿ ಕೇಳಿ. ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಬರುತ್ತದೆ.

ಹಣ ಕಟ್ಟಿದ ಮೇಲೆ ಖಾತೆಯಿಂದ ಕಂತು ಕಡಿತವಾಗುವ ಆದೇಶವನ್ನು, ಅಂದರೆ ನ್ಯಾಚ್ ಮ್ಯಾಂಡೇಟನ್ನು, ರದ್ದು ಮಾಡಿಸಿ. ಸಾಲ ತೀರಿದ ಮರುತಿಂಗಳು ಕಂತು ಎಳೆದುಕೊಂಡು, ಅದನ್ನು ವಾಪಸ್ ಪಡೆಯಲು ಓಡಾಡಿದವರು ಬೇಕಾದಷ್ಟಿದ್ದಾರೆ. ಸಾಲ ತೆಗೆಯುವಾಗ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕುಗಳಿದ್ದರೆ ಅವನ್ನೂ ನಂಬರು ಹಾಕಿ ವಾಪಸ್ ಕೇಳಿ.

3. ಬ್ಯಾಂಕಿಗೆ ಒಂದು ಅರ್ಜಿ, ಸೀಲ್ ಬಿದ್ದ ಒಂದು ಪ್ರತಿ

‘ಸಾಲ ಪೂರ್ತಿ ಪಾವತಿಯಾಗಿದೆ. ಎನ್‌ಒಸಿ, ಮೂಲ ಪತ್ರಗಳು, ಸೆರ್ಸಾಯಿ ತೆರವು ಮತ್ತು ನೋಂದಾಯಿತ ಎಂಒಡಿಯ ಖುಲಾಸೆ ಪತ್ರ ಮಾಡಿಸಿಕೊಡಿ’ ಎಂದು ಒಂದೇ ಪುಟದಲ್ಲಿ ಬರೆಯಿರಿ. ಸಾಲದ ಖಾತೆ ಸಂಖ್ಯೆ, ಕೊನೆಯ ಪಾವತಿಯ ದಿನಾಂಕ, ಇಸಿಯಲ್ಲಿರುವ ದಸ್ತಾವೇಜು ಸಂಖ್ಯೆ ಮತ್ತು ದಿನಾಂಕ ಹಾಕಿ. ಇಸಿಯ ಪ್ರತಿ ಲಗತ್ತಿಸಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಶಾಖೆಯ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಕೈ ಹಿಡಿಯುವುದು ಈ ಸೀಲು ಬಿದ್ದ ಪ್ರತಿಯೇ.

ಈ ಅರ್ಜಿಯ ಹಿಂದೆ ರಿಸರ್ವ್ ಬ್ಯಾಂಕಿನ ಬಲ ಇದೆ. 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ, ಅದೇ ಡಿಸೆಂಬರ್ 1ರಿಂದ ಜಾರಿಗೆ ಬಂದ ಸೂಚನೆಯ ಪ್ರಕಾರ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನೆಲ್ಲ ಹಿಂದಿರುಗಿಸಬೇಕು, ಯಾವುದೇ ರಿಜಿಸ್ಟ್ರಿಯಲ್ಲಿ ದಾಖಲಾದ ಋಣವನ್ನು ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕು. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕು, ಡಿಸಿಸಿ ಬ್ಯಾಂಕು, ಹೌಸಿಂಗ್ ಫೈನಾನ್ಸ್ ಕಂಪನಿ, ಎಲ್ಲಕ್ಕೂ ಇದು ಅನ್ವಯ. ‘ಯಾವುದೇ ರಿಜಿಸ್ಟ್ರಿ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಸೆರ್ಸಾಯಿ ತೆಗೆದರೆ ನಮ್ಮ ಜವಾಬ್ದಾರಿ ಮುಗಿಯಿತು ಎನ್ನುವ ಶಾಖೆಗಳಿವೆ.

ಪತ್ರಗಳು ಶಾಖೆಯಲ್ಲೇ ಇರುತ್ತವೆ ಎಂದುಕೊಳ್ಳಬೇಡಿ. ಹಾಸನದಲ್ಲಿ ಸಾಲ ಕೊಟ್ಟರೂ ಕಡತ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಕೇಂದ್ರ ಸಂಗ್ರಹದಲ್ಲಿ ಇರಬಹುದು. ಸಾಲದ ಖಾತೆ ಇದ್ದ ಶಾಖೆಯಿಂದಲೇ ಪಡೆಯುವ ಆಯ್ಕೆ ನಿಮಗಿದೆ. ಆ ಆಯ್ಕೆಯನ್ನು ಅರ್ಜಿಯಲ್ಲೇ ಬರೆದುಬಿಡಿ, ಬೆಂಗಳೂರಿಗೆ ಹೋಗಿ ಬರುವ ಬಸ್ ಚಾರ್ಜು ಉಳಿಯುತ್ತದೆ.

ಇನ್ನೊಂದು ತೊಡಕು ಮಲೆನಾಡಿನ ಕಡೆ ಜಾಸ್ತಿ. ಮನೆ ಸಾಲ ತೀರಿದೆ, ಆದರೆ ಅದೇ ಬ್ಯಾಂಕಿನಲ್ಲಿ ಬೆಳೆ ಸಾಲವೋ ವ್ಯಾಪಾರದ ಓವರ್‌ಡ್ರಾಫ್ಟೋ ಇದೆ, ಅದಕ್ಕೂ ಇದೇ ಪತ್ರಗಳನ್ನು ಆಧಾರವಾಗಿ ವಿಸ್ತರಿಸಿ ಸಹಿ ಹಾಕಿದ್ದೀರಿ. ಆಗ ಬ್ಯಾಂಕು ಪತ್ರ ಹಿಡಿದಿಟ್ಟುಕೊಂಡರೆ ಅದರ ತಪ್ಪಲ್ಲ. ವಿಸ್ತರಣೆಗೆ ಸಹಿ ಹಾಕಿಲ್ಲ ಎನ್ನುವುದಾದರೆ, ಹಾಕಿದ ಕಾಗದ ತೋರಿಸಿ ಎಂದು ಕೇಳಿ.

4. ಎನ್‌ಒಸಿಯನ್ನು ಕೌಂಟರ್ ಬಿಡುವ ಮೊದಲೇ ಓದಿ

ಎಲ್ಲ ಸಾಲಗಾರರ ಹೆಸರು, ಖಾತೆ ಸಂಖ್ಯೆ, ಸಾಲದ ಮೊತ್ತ, ತೀರಿದ ದಿನಾಂಕ, ಸ್ವತ್ತಿನ ವಿವರ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ ಇರಬೇಕು. ಸ್ವತ್ತಿನ ವಿವರವೇ ಇಲ್ಲದ ಎರಡು ಸಾಲಿನ ಎನ್‌ಒಸಿ ಕೊಡುವ ರೂಢಿ ಇದೆ. ಖಾತೆ ಕ್ಲೋಸ್ ಆದದ್ದಕ್ಕೆ ಸಾಕ್ಷಿ ಎನ್ನುವುದು ಬಿಟ್ಟರೆ ಅದರಿಂದ ಬೇರೇನೂ ನಡೆಯದು. ಜಾಮೀನುದಾರರಿದ್ದರೆ ಅವರ ಬಿಡುಗಡೆಯ ಮಾತೂ ಬರಲಿ.

ಒಂದು ಪದದ ಮೇಲೆ ಕಣ್ಣಿಡಿ. ರಿಯಾಯಿತಿ ಪಡೆದು ಒಂದೇ ಸಲ ತೀರುವಳಿ ಮಾಡಿದವರಿಗೆ ‘ಸೆಟಲ್ಡ್’ ಎಂದು ಬರೆಯುತ್ತಾರೆ. ಪೂರ್ತಿ ಹಣ ಕಟ್ಟಿದವರಿಗೆ ‘ಕ್ಲೋಸ್ಡ್’ ಅಥವಾ ‘ಪೂರ್ಣ ಪಾವತಿ’ ಎಂದೇ ಇರಬೇಕು. ತಪ್ಪಾಗಿ ‘ಸೆಟಲ್ಡ್’ ಬಿದ್ದರೆ ಮುಂದಿನ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ.

5. ಮೂಲ ಪತ್ರಗಳನ್ನು ಹಾಳೆ ಹಾಳೆಯಾಗಿ ಎಣಿಸಿ

ಸಾಲ ಪಡೆಯುವಾಗ ಬ್ಯಾಂಕು ಕೊಟ್ಟ ದಾಖಲೆಗಳ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಅದು ಕಳೆದುಹೋಗಿದ್ದರೆ ಎಂಒಡಿಯ ಷೆಡ್ಯೂಲಿನಲ್ಲೇ ಪಟ್ಟಿ ಇರುತ್ತದೆ, ದೃಢೀಕೃತ ನಕಲು ತೆಗೆಸಿ. ಸಾಮಾನ್ಯವಾಗಿ ಇರುವಂಥವು: ನಿಮ್ಮ ಹೆಸರಿನ ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ಪಿತ್ರಾರ್ಜಿತವಾದರೆ ಪಾಲುಪಟ್ಟಿ, ಭೂಪರಿವರ್ತನೆ ಆದೇಶ, ಖಾತಾ ನಕಲು, ಮನೆ ಕಟ್ಟುವ ಪರವಾನಗಿ ಮತ್ತು ಮಂಜೂರಾದ ನಕ್ಷೆ. ಹಾಸನದ ನಗರಾಭಿವೃದ್ಧಿ ಪ್ರಾಧಿಕಾರ (ಹುಡಾ) ಅಥವಾ ಹೌಸಿಂಗ್ ಬೋರ್ಡ್ ನಿವೇಶನವಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಗುತ್ತಿಗೆ ಮತ್ತು ಕ್ರಯದ ಕರಾರು ಪತ್ರ, ಆಮೇಲೆ ಆದ ಶುದ್ಧ ಕ್ರಯಪತ್ರ ಇವೂ ಸೇರುತ್ತವೆ. ಗುತ್ತಿಗೆ ಅವಧಿಯಲ್ಲಿ ಸಾಲ ತೆಗೆದು ಶುದ್ಧ ಕ್ರಯಪತ್ರ ನಂತರ ಆಗಿದ್ದರೆ, ಅದನ್ನು ಬ್ಯಾಂಕಿಗೆ ಕೊಟ್ಟಿದ್ದೀರೋ ಇಲ್ಲವೋ ನೆನಪಿಸಿಕೊಳ್ಳಿ. ಕೊಟ್ಟಿದ್ದರೆ ಮೊದಲ ಪಟ್ಟಿಯಲ್ಲಿ ಅದು ಇರುವುದಿಲ್ಲ, ಕೇಳದಿದ್ದರೆ ಅಲ್ಲೇ ಉಳಿಯುತ್ತದೆ.

ಪ್ರತಿ ಹಾಳೆಯ ಹಿಂಬದಿ ತಿರುಗಿಸಿ ನೋಡಿ. ಸಬ್‌ರಿಜಿಸ್ಟ್ರಾರ್ ಸೀಲು, ದಸ್ತಾವೇಜು ಸಂಖ್ಯೆ, ‘ಇಷ್ಟು ಹಾಳೆಗಳಲ್ಲಿ ಇಷ್ಟನೆಯದು’ ಎಂಬ ನಮೂದು ಸರಿಯಾಗಿದೆಯೇ? ಜೆರಾಕ್ಸನ್ನು ಮೂಲ ಎಂದು ಸೇರಿಸಿಲ್ಲ ತಾನೆ? ಮಂಜೂರಾದ ನಕ್ಷೆ ಮಡಿಕೆಯಲ್ಲಿ ಹರಿದು ಅರ್ಧ ಮಾತ್ರ ಉಳಿದಿರುವುದುಂಟು. ಎಣಿಸಿ ಮುಗಿಸುವವರೆಗೆ ‘ಎಲ್ಲ ದಾಖಲೆ ತಲುಪಿದೆ’ ಎಂಬ ರಸೀತಿಗೆ ಸಹಿ ಹಾಕಬೇಡಿ. ಹಿಂದೆ ಸರದಿ ನಿಂತಿದ್ದರೆ ನಿಲ್ಲಲಿ.

ಪತ್ರ ಕಳೆದಿದೆ ಎಂದು ಬ್ಯಾಂಕು ಹೇಳಿದರೆ ಅದನ್ನು ಬರಹದಲ್ಲಿ ಪಡೆಯಿರಿ. ಇನ್ನೊಂದು ದೃಢೀಕೃತ ಪ್ರತಿ ಪಡೆಯಲು ನೆರವಾಗುವುದು, ಅದರ ಖರ್ಚು ಭರಿಸುವುದು ಬ್ಯಾಂಕಿನ ಹೊಣೆ. ಅದಕ್ಕೆಂದು ಬ್ಯಾಂಕಿಗೆ ಇನ್ನೂ 30 ದಿನ ಸಿಗುತ್ತದೆ, ಅಂದರೆ ಒಟ್ಟು 60 ದಿನ ಕಳೆದ ಮೇಲೆ ದಿನದ 5,000 ರೂ. ಲೆಕ್ಕ ಶುರು.

ಜಂಟಿ ಸಾಲವಾದರೆ ಪತ್ರ ಪಡೆಯಲು ಎಲ್ಲರೂ ಹೋಗಬೇಕು, ಇಲ್ಲವೇ ಬಾರದವರ ಅಧಿಕಾರ ಪತ್ರ ಬೇಕು. ಸಾಲಗಾರರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಗುರುತಿನ ಚೀಟಿ ಹಿಡಿದು ಹೋಗಿ. ವಾರಸುದಾರರಿಗೆ ಪತ್ರ ಹಿಂದಿರುಗಿಸುವ ಕ್ರಮವನ್ನು ಪ್ರತಿ ಬ್ಯಾಂಕೂ ತನ್ನ ಜಾಲತಾಣದಲ್ಲಿ ಹಾಕಿರಬೇಕು.

6. ಖುಲಾಸೆ ಪತ್ರದ ಕರಡು

ಬರೆದುಕೊಡುವವರು ಬ್ಯಾಂಕು, ಬರೆಸಿಕೊಳ್ಳುವವರು ನೀವು. ಕೆಲವು ಬ್ಯಾಂಕುಗಳು ತಮ್ಮದೇ ನಮೂನೆ ಕೊಡುತ್ತವೆ, ಹಲವು ಶಾಖೆಗಳಲ್ಲಿ ‘ನೀವೇ ಬರೆಸಿಕೊಂಡು ಬನ್ನಿ, ಸಹಿ ಹಾಕುತ್ತೇವೆ’ ಎನ್ನುತ್ತಾರೆ. ಪತ್ರ ಬರಹಗಾರರ ಕೈಯಲ್ಲಿ ಬರೆಸಿದರೆ, ಕರಡನ್ನು ಮೊದಲು ಬ್ಯಾಂಕಿನ ಲೀಗಲ್ ವಿಭಾಗಕ್ಕೆ ಕಳಿಸಿ ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಇಲ್ಲದೆ ಅರ್ಜಿ ಹಾಕಿ ಶುಲ್ಕ ಕಟ್ಟಿಬಿಟ್ಟರೆ ಒಂದು ಪದ ಬದಲಾದರೂ ಮೊದಲಿಂದ ಶುರು ಮಾಡಬೇಕಾದೀತು.

ಒಡಲು ಹೀಗಿದ್ದರೆ ಸಾಕು:

‘____ನೇ ಇಸವಿ ____ ಮಾಹೆ ____ನೇ ತಾರೀಖಿನಲ್ಲಿ, ಹಾಸನ ಟೌನ್ ____ ರಸ್ತೆಯಲ್ಲಿರುವ ____ ಬ್ಯಾಂಕಿನ ಪರವಾಗಿ, ದಿನಾಂಕ ____ರ ಅಧಿಕಾರ ಪತ್ರದಂತೆ ಅದರ ಅಧಿಕೃತ ಸಹಿದಾರರಾದ ____ ಆದ ನಾವು, ____ ವಾಸಿ ____ರವರಿಗೆ ಬರೆದುಕೊಟ್ಟ ಅಡಮಾನ ಖುಲಾಸೆ ಪತ್ರದ ಕ್ರಮವೇನೆಂದರೆ: ಈ ಕೆಳಗಿನ ಷೆಡ್ಯೂಲ್ ಸ್ವತ್ತನ್ನು ಆಧಾರ ಮಾಡಿ ನೀವು ನಮ್ಮಿಂದ ____ ರೂ. ಗೃಹಸಾಲ ಪಡೆದು, ಆ ಬಾಬ್ತು ದಿನಾಂಕ ____ರಂದು ____ ಸಬ್‌ರಿಜಿಸ್ಟ್ರಾರ್ ಕಚೇರಿಯ 1ನೇ ಪುಸ್ತಕದಲ್ಲಿ ____ನೇ ನಂಬರಾಗಿ ನೋಂದಣಿಯಾದ ಪತ್ರ ಬರೆದುಕೊಟ್ಟಿರುತ್ತೀರಿ. ಸದರಿ ಸಾಲದ ಅಸಲು, ಬಡ್ಡಿ, ಖರ್ಚು ಪೂರಾ ದಿನಾಂಕ ____ರಂದು ನಮಗೆ ಸಂದಾಯವಾಗಿರುತ್ತದೆ. ಸದರಿ ಅಡಮಾನವು ಇಲ್ಲಿಗೆ ಖುಲಾಸೆಯಾಗಿರುತ್ತದೆ. ಇನ್ನು ಮುಂದೆ ಸದರಿ ಸ್ವತ್ತಿನ ಮೇಲೆ ನಮಗೆ ಯಾವುದೇ ಹಕ್ಕು, ತಗಾದೆ ಇರುವುದಿಲ್ಲ. ನಮ್ಮ ವಶದಲ್ಲಿದ್ದ ಮೂಲ ಕಾಗದಪತ್ರಗಳನ್ನು ನಿಮಗೆ ಹಿಂದಿರುಗಿಸಿರುತ್ತೇವೆ.’

ಕೆಳಗೆ ಷೆಡ್ಯೂಲ್: ಊರು, ವಾರ್ಡು ಅಥವಾ ಗ್ರಾಮ, ನಿವೇಶನ ಸಂಖ್ಯೆ, ಖಾತೆ ಸಂಖ್ಯೆ, ಅಳತೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ. ಇದನ್ನು ಹೊಸದಾಗಿ ಬರೆಯಲು ಹೋಗದೆ ಎಂಒಡಿಯಲ್ಲಿ ಇದ್ದ ಹಾಗೇ ಎತ್ತಿ ಬರೆಯಿರಿ. ಆಮೇಲೆ ಇ-ಖಾತೆಯಾಗಿ ನಂಬರು ಬದಲಾಗಿದ್ದರೆ ‘ಹಳೆ ನಂ. ಇಂಥದ್ದು, ಈಗಿನ ಇ-ಸ್ವತ್ತು ಅಥವಾ ಇ-ಆಸ್ತಿ ನಂ. ಇಂಥದ್ದು’ ಎಂದು ಎರಡೂ ಹಾಕಿ. ಹಳ್ಳಿಯ ಮನೆಗೆ ಇ-ಸ್ವತ್ತು, ನಗರಸಭೆ, ಪುರಸಭೆ ವ್ಯಾಪ್ತಿಯಲ್ಲಿ ಇ-ಆಸ್ತಿ. ಊರು ಬೆಳೆದು ಪಂಚಾಯಿತಿಯ ಬಡಾವಣೆ ನಗರಕ್ಕೆ ಸೇರಿದ ಕಡೆ ಈ ಗೊಂದಲ ಹೆಚ್ಚು.

ಅತಿ ಮುಖ್ಯವಾದದ್ದು ದಸ್ತಾವೇಜು ಸಂಖ್ಯೆ. ಎಂಒಡಿಯ ನಂಬರಾಗಲಿ ವರ್ಷವಾಗಲಿ ತಪ್ಪಿದರೆ ಖುಲಾಸೆ ಪತ್ರ ಬೇರಾವುದೋ ಪತ್ರವನ್ನು ಖುಲಾಸೆ ಮಾಡಿದಂತಾಗುತ್ತದೆ. ಸರಿಪಡಿಸಲು ತಿದ್ದುಪಡಿ ಪತ್ರ ಮಾಡಿಸಬೇಕು, ಅದಕ್ಕೆ ಬ್ಯಾಂಕಿನ ಅಧಿಕಾರಿ ಮತ್ತೆ ಬರಬೇಕು.

ಬ್ಯಾಂಕಿನ ಹೆಸರು ಬದಲಾಗಿದ್ದರೆ ಆ ಕಥೆಯೂ ಪತ್ರದಲ್ಲಿ ಬರಬೇಕು. ಇಸಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದಿದೆ, ಸಹಿ ಹಾಕುವವರು ಎಸ್‌ಬಿಐ: 2017ರ ಏಪ್ರಿಲ್ 1ರ ವಿಲೀನವನ್ನು ನಮೂದಿಸಿ. ವಿಜಯಾ ಬ್ಯಾಂಕಾದರೆ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ 2020ರ ಏಪ್ರಿಲ್ 1ರಂದು ಸೇರಿದವು. ಎಚ್‌ಡಿಎಫ್‌ಸಿ ಲಿಮಿಟೆಡ್ ಎಚ್‌ಡಿಎಫ್‌ಸಿ ಬ್ಯಾಂಕಿಗೆ ಸೇರಿದ್ದು 2023ರ ಜುಲೈ 1ರಂದು. ಚಿಕ್ಕಮಗಳೂರು ಜಿಲ್ಲೆಯವರಿಗೆ ಇನ್ನೂ ಉದ್ದದ ಸರಪಳಿ ಇದೆ. ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕ್ 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಾಯಿತು, ಅದು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಹೋಯಿತು, 2025ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರ ಜೊತೆ ಸೇರಿತು. ಕೊಂಡಿ ಒಂದೊಂದನ್ನೂ ಒಂದು ಸಾಲಿನಲ್ಲಿ ಬರೆದರೆ ಸಾಕು. ಬರೆಯದಿದ್ದರೆ ‘ಅಡಮಾನ ಇಟ್ಟದ್ದು ಒಂದು ಬ್ಯಾಂಕಿನಲ್ಲಿ, ಖುಲಾಸೆ ಕೊಟ್ಟವರು ಇನ್ನೊಬ್ಬರು’ ಎಂದು ಮುಂದೆ ಮನೆ ಕೊಳ್ಳುವವರ ವಕೀಲರು ತಕರಾರು ತೆಗೆಯುತ್ತಾರೆ.

7. ನೋಂದಣಿ

ಕಾವೇರಿ 2.0ರಲ್ಲಿ ದಸ್ತಾವೇಜಿನ ಬಗೆ ಆರಿಸಿ, ಎರಡೂ ಕಡೆಯವರ ವಿವರ, ಷೆಡ್ಯೂಲ್ ತುಂಬಿ, ಕರಡನ್ನು ಅಪ್‌ಲೋಡ್ ಮಾಡಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಯವರು ನೋಡಿ ಒಪ್ಪುತ್ತಾರೆ ಅಥವಾ ತಿದ್ದಲು ವಾಪಸ್ ಕಳಿಸುತ್ತಾರೆ. ಒಪ್ಪಿದ ಮೇಲೆ ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಅಲ್ಲೇ ಲೆಕ್ಕ ಹಾಕಿ ತೋರಿಸುತ್ತದೆ. ಆನ್‌ಲೈನಿನಲ್ಲಿ ಕಟ್ಟಿ, ದಿನ ಮತ್ತು ಸಮಯ ಕಾದಿರಿಸಿ. ರೂಢಿಯಲ್ಲಿ ಈ ಖರ್ಚು ಸಾಲಗಾರರದ್ದೇ. ಮಧ್ಯವರ್ತಿ ಯಾರಾದರೂ ‘ಮನೆ ಬೆಲೆಯ ಮೇಲೆ ಇಷ್ಟು ಪರ್ಸೆಂಟ್’ ಎಂದರೆ ಚಲನ್ ತೋರಿಸಲು ಹೇಳಿ. ಸರ್ಕಾರದ ಶುಲ್ಕ ಎಷ್ಟು, ಬರವಣಿಗೆಯ ಕೂಲಿ ಎಷ್ಟು ಎಂದು ಬೇರೆ ಬೇರೆ ಕೇಳುವುದು ನಿಮ್ಮ ಹಕ್ಕು.

ಆ ದಿನ ಬೇಕಾದವರು: ಬ್ಯಾಂಕಿನ ಅಧಿಕೃತ ಸಹಿದಾರರು ತಮ್ಮ ಅಧಿಕಾರ ಪತ್ರ ಮತ್ತು ಗುರುತಿನ ಚೀಟಿಯೊಂದಿಗೆ, ನೀವು, ಗುರುತಿನ ಚೀಟಿ ಇರುವ ಇಬ್ಬರು ಸಾಕ್ಷಿಗಳು. ಫೋಟೊ, ಹೆಬ್ಬೆಟ್ಟು ಅಲ್ಲೇ ತೆಗೆಯುತ್ತಾರೆ. ಎನ್‌ಒಸಿ ಮತ್ತು ಎಂಒಡಿಯ ಪ್ರತಿ ಜೊತೆಗಿರಲಿ.

ನಿಜವಾದ ಕಷ್ಟ ಬ್ಯಾಂಕಿನ ಅಧಿಕಾರಿಯನ್ನು ಕರೆತರುವುದು. ತಿಂಗಳ ಕೊನೆ, ಮಾರ್ಚ್ ಕೊನೆ ಬೇಡವೇ ಬೇಡ. ವರ್ಗಾವಣೆಯ ಕಾಲದಲ್ಲಂತೂ, ಕರಡಿನಲ್ಲಿ ಹೆಸರಿರುವ ಅಧಿಕಾರಿ ಇನ್ನೂ ಅಲ್ಲೇ ಇದ್ದಾರೆಯೇ ಎಂದು ಹಿಂದಿನ ದಿನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಸಹಿ ಬಿದ್ದ ಪತ್ರವನ್ನು ಬೀರುವಿನಲ್ಲಿ ಇಟ್ಟುಕೊಂಡು ಕೂರಬೇಡಿ. ಬರೆದುಕೊಟ್ಟ ದಿನದಿಂದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು ಎಂದು ನೋಂದಣಿ ಕಾಯ್ದೆಯ ಕಲಂ 23 ಹೇಳುತ್ತದೆ. ಆಮೇಲಾದರೆ ದಂಡ.

ಸ್ಥಳದ ವಿಷಯದಲ್ಲಿ ಒಂದು ಅನುಕೂಲ ಬಂದಿದೆ. 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಮನೆ ಆಲೂರಿನಲ್ಲೋ ಅರಕಲಗೂಡಿನಲ್ಲೋ ಇದ್ದು ಬ್ಯಾಂಕಿನ ಅಧಿಕಾರಿ ಹಾಸನದವರಾದರೆ, ಹಾಸನದಲ್ಲೇ ಮುಗಿಸಿ. ಆದರೆ ಜಿಲ್ಲೆ ದಾಟುವಂತಿಲ್ಲ. ಬೇಲೂರಿನವರಿಗೆ ಹಾಸನದಷ್ಟೇ ಚಿಕ್ಕಮಗಳೂರೂ ಕಾಲ ಬುಡದ ಊರು, ಎಷ್ಟೋ ಜನ ಅಲ್ಲಿನ ಶಾಖೆಯಲ್ಲೇ ಸಾಲ ತೆಗೆದಿರುತ್ತಾರೆ. ಸ್ವತ್ತು ಹಾಸನ ಜಿಲ್ಲೆಯದಾದ್ದರಿಂದ ಅಧಿಕಾರಿಯೇ ಬೇಲೂರಿಗೆ ಬರಬೇಕು. ಅರಸೀಕೆರೆಯಲ್ಲಿ ಸಾಲ ತೆಗೆದ ಕಡೂರಿನವರಿಗೂ ಇದೇ ಮಾತು, ತಿರುಗುಮುರುಗಾಗಿ.

8. ಎಲ್ಲ ಆದ ಮೇಲೆ ಮತ್ತೊಂದು ಇಸಿ

ನೋಂದಣಿಯಾದ ಒಂದೆರಡು ವಾರ ಬಿಟ್ಟು ಹೊಸ ಇಸಿ ತೆಗೆಯಿರಿ. ಹಳೆಯ ಅಡಮಾನದ ಸಾಲು ಅಳಿಸಿಹೋಗಿರುತ್ತದೆ ಎಂದು ನಿರೀಕ್ಷಿಸಬೇಡಿ, ಅದು ಹಾಗೇ ಇರುತ್ತದೆ. ಅದರ ಜೊತೆಗೆ ಖುಲಾಸೆ ಪತ್ರದ ಹೊಸ ಸಾಲು ಬಂದಿರಬೇಕು. ಎರಡನ್ನೂ ಒಟ್ಟಿಗೆ ಓದಿದಾಗ ಋಣ ತೀರಿದ್ದು ಗೊತ್ತಾಗುತ್ತದೆ. ‘ಇಸಿಯಿಂದಲೇ ತೆಗೆಸಿಕೊಡುತ್ತೇನೆ’ ಎಂದು ಹಣ ಕೇಳುವವರನ್ನು ನಂಬಬೇಡಿ.

ಸೆರ್ಸಾಯಿ ಎಂದರೆ ಅಡಮಾನಗಳನ್ನು ದಾಖಲಿಸುವ ಕೇಂದ್ರದ ರಿಜಿಸ್ಟ್ರಿ. ಒಂದೇ ಮನೆ ತೋರಿಸಿ ಹಲವು ಬ್ಯಾಂಕಿನಲ್ಲಿ ಸಾಲ ಎತ್ತುವುದನ್ನು ತಡೆಯಲು 2011ರಲ್ಲಿ ಶುರುವಾದದ್ದು. ತೆರವುಗೊಳಿಸುವುದು ಬ್ಯಾಂಕಿನ ಕೆಲಸ, ಆದರೆ ಸೆರ್ಸಾಯಿಯ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಿ ನೋಡಬಹುದು. ತೆರವಾದ ದಾಖಲೆಯ ಪ್ರಿಂಟನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ.

ಪಹಣಿಯಲ್ಲಿ ಋಣ ಇದ್ದರೆ, ಅದನ್ನು ತೆಗೆಯುವ ಕೋರಿಕೆ ಬ್ಯಾಂಕಿನಿಂದಲೇ ಹೋಗಬೇಕು. ತಾಲೂಕು ಕಚೇರಿಯ ಭೂಮಿ ಕೇಂದ್ರಕ್ಕೆ ಬರೀ ಎನ್‌ಒಸಿ ಹಿಡಿದು ಹೋದವರನ್ನು ಬ್ಯಾಂಕಿಗೆ ವಾಪಸ್ ಕಳಿಸುತ್ತಾರೆ. 11ನೇ ಕಾಲಂ ಖಾಲಿಯಾದ ಹೊಸ ಪಹಣಿ ಕೈಗೆ ಬಂದ ಮೇಲೆಯೇ ಅದು ಮುಗಿದಂತೆ.

ಸಿಬಿಲ್ ಮುಂತಾದ ಸಂಸ್ಥೆಗಳಿಗೆ ಬ್ಯಾಂಕುಗಳು ತಿಂಗಳಿಗೆ ಒಂದಕ್ಕಿಂತ ಹೆಚ್ಚು ಬಾರಿ ಮಾಹಿತಿ ಕಳಿಸಬೇಕು. ತಿಂಗಳೊಂದು ಬಿಟ್ಟು ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ವರದಿ ತೆಗೆದು ನೋಡಿ. ಸಾಲ ಇನ್ನೂ ಚಾಲ್ತಿಯಲ್ಲಿ ಇದೆ ಎಂದಿದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರ ಉಂಟು. ಮನೆಯ ವಿಮೆಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ತೆಗೆಸಿ. ಸಾಲದ ಜೊತೆ ಒಂದೇ ಕಂತಿನ ಜೀವವಿಮೆ ಮಾಡಿಸಿದ್ದು ಅವಧಿಗೆ ಮೊದಲೇ ಸಾಲ ತೀರಿದ್ದರೆ, ಉಳಿದ ಅವಧಿಗೆ ಸರೆಂಡರ್ ಮೊತ್ತ ಬರುತ್ತದೆಯೇ ಎಂದು ಪಾಲಿಸಿಯಲ್ಲಿ ನೋಡಿ.

ಬ್ಯಾಂಕು ಕೈ ಎತ್ತಿದರೆ

ಮೊದಲು ಶಾಖೆಗೆ, ಆಮೇಲೆ ಬ್ಯಾಂಕಿನ ದೂರು ನಿವಾರಣಾ ಅಧಿಕಾರಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ದೂರು ಜಾಲತಾಣವಾದ ಸಿಎಂಎಸ್‌ನಲ್ಲಿ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಮಾಹಿತಿಗೆ ಸಹಾಯವಾಣಿ 14448. ಸೀಲು ಬಿದ್ದ ಅರ್ಜಿಯ ಪ್ರತಿ, ಕೊನೆಯ ಪಾವತಿಯ ರಸೀತಿ, ಇಸಿ, ಮೂರನ್ನೂ ಲಗತ್ತಿಸಿ, ಎಷ್ಟು ದಿನ ತಡವಾಗಿದೆ, ದಿನಕ್ಕೆ 5,000ದಂತೆ ಎಷ್ಟಾಯಿತು ಎಂದು ಲೆಕ್ಕ ಬರೆದೇ ಕಳಿಸಿ. ಸಾಲ ಹೌಸಿಂಗ್ ಫೈನಾನ್ಸ್ ಕಂಪನಿಯದಾದರೆ ದೂರು ಹೋಗಬೇಕಾದದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಪಡೆದ ಸಾಲವಾದರೆ ರಿಸರ್ವ್ ಬ್ಯಾಂಕಿನ ಈ ನಿಯಮ ಅನ್ವಯಿಸದು, ಅಲ್ಲಿನ ತಕರಾರನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಬಳಿ ಒಯ್ಯಬೇಕು.